ಹೊಸಬರಿಗೆ ಅಂಜುವ ನಾಯಿ: ಅದಕ್ಕೆ ಧೈರ್ಯ ಬರಿಸುವ ಕ್ರಮ

ಬೇಸಾಯಗಾರನ ಮನೆಯಲ್ಲಿ ಎತ್ತು, ಹಸು, ಕುರಿ, ಕೋಳಿಗಳಂತೆ ನಾಯಿಗೂ ಒಂದು ಸ್ಥಾನವುಂಟು. ಕಣದಲ್ಲಿ ರಾಶಿಯಿರುವಾಗ ರಾತ್ರಿಯ ಕಾವಲು, ಕುರಿಹಟ್ಟಿಯ ಬಳಿ ತೋಳ ಚಿರತೆಗಳ ಸುಳಿವನ್ನು ತಿಳಿಸುವುದು, ತೋಟಕ್ಕೆ ನುಗ್ಗುವ ಹಂದಿ ಕೋತಿಗಳನ್ನು ಅಟ್ಟುವುದು, ಇವೆಲ್ಲವೂ ಅದರ ಕೆಲಸಗಳು. ಇಷ್ಟು ಕೆಲಸಕ್ಕೆ ಅದು ಪಡೆಯುವ ಕೂಲಿ ಎರಡು ಹೊತ್ತಿನ ಮುದ್ದೆಯೋ ರೊಟ್ಟಿಯೋ ಮಾತ್ರ. ಹೀಗಿದ್ದರೂ ದನಕರುಗಳ ಸ್ವಭಾವವನ್ನು ಅರಿತು ಪಳಗಿಸುವ ರೈತರು ನಾಯಿಯ ಸ್ವಭಾವದ ಕಡೆಗೆ ಅಷ್ಟಾಗಿ ಗಮನ ಕೊಡುವುದಿಲ್ಲ. ಅದರಲ್ಲಿಯೂ ಹೊಸಬರನ್ನು ಕಂಡರೆ ನಡುಗುವ, ಮೂಲೆ ಸೇರುವ, ಅಥವಾ ಮೈಮೇಲೆ ಬೀಳುವಂತೆ ಬೊಗಳುವ ನಾಯಿಯನ್ನು ಸರಪಳಿಯಲ್ಲಿ ಬಿಗಿದುಬಿಟ್ಟರೆ ತಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯುವವರೇ ಹೆಚ್ಚು. ಅಂತಹ ನಾಯಿಗೆ ಧೈರ್ಯವನ್ನು ಬರಿಸುವುದು ಸಾಧ್ಯ. ಅದಕ್ಕೆ ಹಣದ ಖರ್ಚು ಅತ್ಯಲ್ಪ. ಬೇಕಾದುದು ತಾಳ್ಮೆ ಮತ್ತು ಕ್ರಮ. ಆ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಅಂಜಿಕೆಯಿಂದಾಗುವ ಹಾನಿ

ಹೊಸಬರನ್ನು ಕಂಡು ಎಡೆಬಿಡದೆ ಬೊಗಳುವ ನಾಯಿಯೇ ಒಳ್ಳೆಯ ಕಾವಲುನಾಯಿ ಎಂಬ ನಂಬಿಕೆ ಹಳ್ಳಿಗಳಲ್ಲಿ ಸಾಮಾನ್ಯವಾಗಿದೆ. ಇದು ಸರಿಯಲ್ಲ. ಒಳ್ಳೆಯ ಕಾವಲುನಾಯಿಯು ಬಂದವನನ್ನು ನೋಡಿ, ಎರಡು ಸಲ ಬೊಗಳಿ, ಒಡೆಯನು ಹೊರಗೆ ಬಂದೊಡನೆ ಸುಮ್ಮನಾಗುವುದು. ಅಂಜುವ ನಾಯಿಗೆ ಈ ವಿವೇಚನೆಯಿಲ್ಲ. ಕಳ್ಳನೂ ಅದಕ್ಕೆ ಒಂದೇ, ಅಂಚೆಯವನೂ ಒಂದೇ, ಶಾಲೆಗೆ ಹೋಗುವ ಮಗುವೂ ಒಂದೇ. ಓಡಿಹೋಗಲು ದಾರಿಯಿದ್ದರೆ ಓಡುವುದು, ದಾರಿಯಿಲ್ಲದಿದ್ದರೆ ಕಚ್ಚುವುದು. "ಬೊಗಳುವ ನಾಯಿ ಕಚ್ಚುವುದಿಲ್ಲ" ಎಂಬ ಗಾದೆಯನ್ನು ಇಂತಹ ನಾಯಿಯ ವಿಷಯದಲ್ಲಿ ನಂಬಕೂಡದು.

ಇದರಿಂದ ರೈತನಿಗೆ ಒದಗುವ ನಷ್ಟಗಳು ಹಲವು. ಆರು ತಿಂಗಳಿಗೊಮ್ಮೆ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬರುವವರು ನಾಯಿಯ ಭಯದಿಂದ ಬೇಲಿಯ ಆಚೆಯಿಂದಲೇ ಹಿಂದಿರುಗಿದರೆ ಆ ಮನೆಯ ಹಸುಗಳು ರೋಗಕ್ಕೆ ತೆರೆದಿಟ್ಟಂತಾಗುವುವು. ಕೂಲಿಯಾಳುಗಳು ಆ ತೋಟಕ್ಕೆ ಬರಲು ಹಿಂಜರಿಯುವರು. ನೆರೆಮನೆಯ ಮಗುವನ್ನು ಕಚ್ಚಿದರೆ ಆಸ್ಪತ್ರೆಯ ಅಲೆದಾಟ, ಹುಚ್ಚುನಾಯಿ ರೋಗದ ಭೀತಿ, ಊರಿನಲ್ಲಿ ವೈಮನಸ್ಯ. ಕೊನೆಗೆ ಆ ನಾಯಿಯನ್ನು ಹೊಡೆದು ಕೊಲ್ಲುವುದೋ ದೂರದ ಪೇಟೆಯಲ್ಲಿ ಬಿಟ್ಟುಬರುವುದೋ ಆಗುತ್ತದೆ. ಹಲವು ವರ್ಷ ಮನೆಯ ಅನ್ನವುಂಡು ಮನೆಯನ್ನು ಕಾಯ್ದ ಪ್ರಾಣಿಗೆ, ಕೇವಲ ಅಂಜಿಕೆಯೆಂಬ ದೋಷಕ್ಕಾಗಿ, ಈ ಗತಿ ಬರಬೇಕಾದುದಿಲ್ಲ.

ಅಂಜಿಕೆಗೆ ಕಾರಣಗಳು

ಅಂಜುವ ನಾಯಿಯನ್ನೆಲ್ಲ ಯಾರೋ ಹೊಡೆದಿರಬೇಕೆಂದು ಜನರು ಊಹಿಸುವುದುಂಟು. ಹೊಡೆತವೂ ಒಂದು ಕಾರಣವೇ ಸರಿ. ಆದರೆ ಅದೊಂದೇ ಅಲ್ಲ. ಮುಖ್ಯವಾದ ಕಾರಣಗಳು ಮೂರು.

ಮೊದಲನೆಯದು ಮರಿತನದ ಕೊರತೆ. ಹುಟ್ಟಿದ ಮೂರನೆಯ ವಾರದಿಂದ ಸುಮಾರು ಹನ್ನೆರಡು, ಹದಿನಾಲ್ಕನೆಯ ವಾರದವರೆಗಿನ ಕಾಲವು ನಾಯಿಮರಿಗೆ ಬಿತ್ತನೆಯ ಹದವಿದ್ದಂತೆ. ಆ ಕಾಲದಲ್ಲಿ ನಾನಾ ಬಗೆಯ ಜನರನ್ನು ಸುಖವಾಗಿ ಕಂಡ ಮರಿ ಜನರಿಗೆ ಅಂಜುವುದು ಅಪರೂಪ. ಇದನ್ನು ತೋರಿಸುವ ಪ್ರಯೋಗವೊಂದು ಅಮೆರಿಕಾ ದೇಶದ ಬಾರ್ ಹಾರ್ಬರ್ ಎಂಬಲ್ಲಿ ನಡೆದು 1961ರಲ್ಲಿ ಪ್ರಕಟವಾಯಿತು. ಬೇಲಿ ಕಟ್ಟಿದ ಬಯಲಿನಲ್ಲಿ, ಮನುಷ್ಯರ ಸೋಂಕಿಲ್ಲದೆ, ತಾಯಿಯೊಡನೆ ಬೆಳೆಯುತ್ತಿದ್ದ ಮರಿಗಳನ್ನು ಬೇರೆ ಬೇರೆ ವಯಸ್ಸಿನಲ್ಲಿ ಒಂದೊಂದು ವಾರ ಮನುಷ್ಯರ ಒಡನಾಟಕ್ಕೆ ತರಲಾಯಿತು. ಐದು, ಏಳು, ಒಂಬತ್ತನೆಯ ವಾರಗಳಲ್ಲಿ ತಂದವು ಮನುಷ್ಯರಿಗೆ ಹೊಂದಿಕೊಂಡವು. ಹದಿನಾಲ್ಕನೆಯ ವಾರದವರೆಗೆ ಮನುಷ್ಯರನ್ನೇ ಕಾಣದ ಮರಿಗಳಾದರೋ ಕಾಡುಪ್ರಾಣಿಗಳಂತೆ ಬೆದರಿ ದೂರ ಉಳಿದವು. ಅವನ್ನು ಯಾರೂ ಹೊಡೆದಿರಲಿಲ್ಲ. ಹದ ಮೀರಿಹೋಗಿದ್ದಿತು, ಅಷ್ಟೆ. ಒಂಟಿ ತೋಟದ ಮನೆಯಲ್ಲಿ ಮನೆಯವರನ್ನು ಮಾತ್ರ ಕಂಡು ಬೆಳೆದ ಮರಿಯ ಸ್ಥಿತಿಯೂ ಸ್ವಲ್ಪಮಟ್ಟಿಗೆ ಇಂತಹದೇ.

ಎರಡನೆಯದು ಹುಟ್ಟುಗುಣ. ಅಂಜಿಕೆಯೂ ಧೈರ್ಯವೂ ಬಣ್ಣ ಎತ್ತರಗಳಂತೆ ಸ್ವಲ್ಪಮಟ್ಟಿಗೆ ತಂದೆತಾಯಿಗಳಿಂದ ಬರುತ್ತವೆ. ರಷ್ಯಾ ದೇಶದ ನೊವೊಸಿಬಿರ್ಸ್ಕ್ ಎಂಬಲ್ಲಿ ಬೆಲ್ಯಾಯೆವ್ ಎಂಬ ವಿಜ್ಞಾನಿಯು 1959ರಲ್ಲಿ ನರಿಗಳ ಮೇಲೆ ಆರಂಭಿಸಿದ ಪ್ರಯೋಗವು ಇದನ್ನು ಚೆನ್ನಾಗಿ ತೋರಿಸಿಕೊಟ್ಟಿದೆ. ಪ್ರತಿ ಪೀಳಿಗೆಯಲ್ಲಿಯೂ ಮನುಷ್ಯರಿಗೆ ಅತಿ ಕಡಮೆ ಬೆದರುವ ನರಿಗಳನ್ನು ಮಾತ್ರ ಆರಿಸಿ ಮರಿಮಾಡಿಸುತ್ತ ಹೋಗಲಾಗಿ, ಕೆಲವೇ ಪೀಳಿಗೆಗಳಲ್ಲಿ ನಾಯಿಯಂತೆ ಬಾಲವಾಡಿಸಿ ಬಳಿಗೆ ಬರುವ ನರಿಗಳು ಹುಟ್ಟಿದವು. ಆದುದರಿಂದ ಅತಿಯಾಗಿ ಅಂಜುವ ಹೆಣ್ಣುನಾಯಿಯಿಂದ ಮರಿಮಾಡಿಸದಿರುವುದೇ ಲೇಸು. ತಳಿಯ ಗುಣವನ್ನೂ ಇಲ್ಲಿ ಗಮನಿಸಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯ ಬೇಟೆನಾಯಿಯು ಸ್ವಭಾವದಿಂದಲೇ ಹೊಸಬರೊಡನೆ ಸಲಿಗೆಯಿಲ್ಲದ್ದು. ಪರರು ಮೈಮುಟ್ಟುವುದು ಅದಕ್ಕೆ ಸೇರದು. ಈ ಬಿಗುಮಾನವು ರೋಗವಲ್ಲ. ಇದೇ ತಳಿಯ ಮರಿಗಳನ್ನು 2016ರಲ್ಲಿ ಭಾರತೀಯ ಸೈನ್ಯದವರು ಮೀರತ್ತಿನ ತಮ್ಮ ಕೇಂದ್ರಕ್ಕೆ ಒಯ್ದು ತರಬೇತಿ ಕೊಡಲಾರಂಭಿಸಿದರು. ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. ಸಲಿಗೆಯಿಲ್ಲದ ನಾಯಿಯು ಹೊಸಬರನ್ನು ಮುದ್ದಿಸಬೇಕಾದ ಅಗತ್ಯವಿಲ್ಲ. ಅವರ ಇರುವಿಕೆಯನ್ನು ಸಮಾಧಾನದಿಂದ ಸಹಿಸಿದರೆ ಸಾಕು.

ಮೂರನೆಯದು ಅನುಭವ ಮತ್ತು ದೇಹಾಲಸ್ಯ. ಕಲ್ಲೆಸೆತ, ಹಿಡಿದು ಹಿಂಸಿಸಿದ ನೆನಪು, ಸದಾ ಸರಪಳಿಯ ಬಂಧನ, ಇವು ಅಂಜಿಕೆಯನ್ನು ಹೆಚ್ಚಿಸುತ್ತವೆ. ಕಿವಿಯ ಸೋರಿಕೆ, ಹಲ್ಲುನೋವು, ಕೀಲುನೋವು, ಕಣ್ಣಿನ ಪೊರೆ ಮೊದಲಾದುವು ಇದ್ದಾಗಲೂ ನಾಯಿಯು ಇತರರ ಕೈ ತಗಲುವುದಕ್ಕೆ ಹೆದರುವುದುಂಟು. ಆದುದರಿಂದ ಯಾವ ಪಾಠವನ್ನು ಆರಂಭಿಸುವುದಕ್ಕೂ ಮೊದಲು ಪಶುವೈದ್ಯರಿಂದ ಒಮ್ಮೆ ಪರೀಕ್ಷೆ ಮಾಡಿಸುವುದು ಅವಶ್ಯಕ.

ಅಂಜಿಕೆಯ ಗುರುತುಗಳು

ಬೊಗಳುವುದು, ಗುರುಗುಟ್ಟುವುದು ಕೊನೆಯ ಗುರುತುಗಳು. ಅದಕ್ಕೂ ಮುಂಚೆ ನಾಯಿಯು ಮೈಯಿಂದ ಹಲವು ಸಂಗತಿಗಳನ್ನು ತಿಳಿಸುತ್ತದೆ. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುವುದು, ತಿನಿಸಿಲ್ಲದಿದ್ದರೂ ಮೂಗು ತುಟಿಗಳನ್ನು ನೆಕ್ಕಿಕೊಳ್ಳುವುದು, ಮುಖವನ್ನು ಆಚೆಗೆ ತಿರುಗಿಸಿ ಕಣ್ಣಂಚಿನ ಬಿಳಿ ಕಾಣುವಂತೆ ಓರೆನೋಟ ಬೀರುವುದು, ಕಿವಿಗಳನ್ನು ಹಿಂದಕ್ಕೆ ಒತ್ತುವುದು, ಬಾಲವನ್ನು ಹೊಟ್ಟೆಯಡಿಗೆ ಸೇರಿಸುವುದು, ಮೈಭಾರವನ್ನು ಹಿಂಗಾಲುಗಳ ಮೇಲೆ ಹಾಕಿ ಕುಗ್ಗುವುದು, ಬಿಸಿಲಿಲ್ಲದಿದ್ದರೂ ತೇಕುವುದು, ಎಲ್ಲಕ್ಕಿಂತ ಅಪಾಯಕರವಾದುದು, ಕಲ್ಲಿನಂತೆ ಬಿಗಿತು ನಿಂತುಬಿಡುವುದು. ಬಾಲವಾಡಿಸುವುದೆಲ್ಲ ಸಂತೋಷದ ಗುರುತಲ್ಲ. ಮೈ ಬಿಗಿದಿದ್ದು ಬಾಲದ ತುದಿ ಮಾತ್ರ ಅದುರುತ್ತಿದ್ದರೆ ಎಚ್ಚರಿಕೆ ಬೇಕು. ಮೈ ಸಡಿಲವಾಗಿ ಸೊಂಟದಿಂದಲೇ ಬಳುಕುವ ಬಾಲವು ಸ್ನೇಹದ ಗುರುತು. ಈ ಭಾಷೆಯನ್ನು ಅರಿಯದೆ ಪಾಠ ಹೇಳಹೊರಟರೆ ಫಲವಿಲ್ಲ.

ಮಾಡಕೂಡದ ಕೆಲಸಗಳು

(1) ಗುರುಗುಟ್ಟಿದ ನಾಯಿಯನ್ನು ಹೊಡೆಯಕೂಡದು, ಗದರಿಸಕೂಡದು. ಗುರುಗುಟ್ಟುವುದು ಅದು ಕೊಡುವ ಎಚ್ಚರಿಕೆ. ಹೊಡೆತದಿಂದ ಎಚ್ಚರಿಕೆ ನಿಲ್ಲುವುದೇ ಹೊರತು ಅಂಜಿಕೆ ನಿಲ್ಲದು. ಮುಂದಿನ ಸಲ ಅದು ಸದ್ದಿಲ್ಲದೆ ಕಚ್ಚುವುದು. ಅಲ್ಲದೆ, ಹೊಸಬರು ಬಂದಾಗಲೆಲ್ಲ ತನಗೆ ಏಟು ಬೀಳುವುದೆಂದು ಕಲಿತು ಹೊಸಬರನ್ನು ಮತ್ತಷ್ಟು ದ್ವೇಷಿಸುವುದು.

(2) "ರೂಢಿಯಾಗಲಿ" ಎಂದು ಬಲವಂತವಾಗಿ ಎಳೆದೊಯ್ದು ಜನರ ನಡುವೆ ನಿಲ್ಲಿಸಕೂಡದು. ಈಜು ಬಾರದವನನ್ನು ಬಾವಿಗೆ ತಳ್ಳಿದರೆ ಅವನು ಕಲಿಯುವುದು ಈಜನ್ನಲ್ಲ, ಬಾವಿಯ ಭಯವನ್ನು. ಜಾತ್ರೆ, ಸಂತೆ, ಮದುವೆಯ ಮನೆಗಳು ಅಂಜುವ ನಾಯಿಗೆ ತಕ್ಕ ಶಾಲೆಗಳಲ್ಲ.

(3) ದಿನವೆಲ್ಲ ಸರಪಳಿಯಲ್ಲಿ ಕಟ್ಟಕೂಡದು. ಕಟ್ಟಿದ ನಾಯಿಗೆ ಓಡುವ ದಾರಿ ಮುಚ್ಚಿದಂತಾಗಿ ಕಚ್ಚುವ ದಾರಿಯೊಂದೇ ಉಳಿಯುತ್ತದೆ. ಅತಿ ಗಿಡ್ಡ ಅಥವಾ ಅತಿ ಭಾರವಾದ ಸರಪಳಿಯಲ್ಲಿ ಅನುಚಿತವಾದಷ್ಟು ಕಾಲ ಕಟ್ಟುವುದೂ, ಸದಾ ಕಟ್ಟಿರುವ ನಾಯಿಗೆ ಓಡಾಟ ಕೊಡದಿರುವುದೂ 1960ರ ಪ್ರಾಣಿಹಿಂಸಾ ನಿವಾರಣಾ ಕಾನೂನಿನ ಮೇರೆಗೆ ಅಪರಾಧಗಳೆಂಬುದನ್ನು ರೈತರು ನೆನಪಿನಲ್ಲಿಡಬೇಕು.

(4) ಅಂಜಿದ ನಾಯಿಯನ್ನು ಸಂತೈಸಿದರೆ ಅಂಜಿಕೆ ಹೆಚ್ಚುವುದೆಂಬ ಮಾತಿಗೆ ಆಧಾರವಿಲ್ಲ. ಅಂಜಿಕೆಯು ಬೇಕೆಂದು ಮಾಡುವ ತುಂಟತನವಲ್ಲ. ತಾನಾಗಿ ಕಾಲ ಬಳಿಗೆ ಬಂದ ನಾಯಿಯನ್ನು ಮೆಲ್ಲಗೆ ಸವರಿ ಮೃದುವಾಗಿ ಮಾತನಾಡಿಸಬಹುದು.

ಈ ಕ್ರಮದ ಮೂಲತತ್ವ

ಹಾಲು ಕರೆಯುವ ಪಾತ್ರೆಯ ಸದ್ದು ಕೇಳಿದೊಡನೆಯೇ ಹಸುವು ಕೆಚ್ಚಲಿಗೆ ಹಾಲಿಳಿಸುವುದನ್ನು ಎಲ್ಲರೂ ಬಲ್ಲರು. ಪಾತ್ರೆಯ ಸದ್ದಿನಲ್ಲಿ ಸ್ವತಃ ಏನೂ ಇಲ್ಲ. ಆ ಸದ್ದಿನ ಬೆನ್ನಿಗೇ ಪ್ರತಿದಿನವೂ ಹಿಂಡಿಯ ತಿನಿಸೂ ಕರುವಿನ ಒಡನಾಟವೂ ದೊರೆಯುವುದರಿಂದ ಸದ್ದೇ ಸುಖದ ಸೂಚನೆಯಾಗಿರುವುದು. ರಷ್ಯಾ ದೇಶದ ಪಾವ್ಲೊವ್ ಎಂಬ ವಿಜ್ಞಾನಿಯು (1849–1936) ನಾಯಿಗಳನ್ನೇ ಇಟ್ಟುಕೊಂಡು ಈ ಸಂಗತಿಯನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿದನು. ಒಂದು ಸದ್ದಿನ ಅನಂತರ ಆಹಾರವನ್ನು ಕೊಡುತ್ತ ಹೋದರೆ, ಕೆಲವು ದಿನಗಳಲ್ಲಿ ಸದ್ದೊಂದಕ್ಕೇ ನಾಯಿಯ ಬಾಯಲ್ಲಿ ನೀರೂರುವುದೆಂದು ಅವನು ತೋರಿಸಿದನು.

ಅಂಜಿಕೆಯನ್ನು ಹೋಗಲಾಡಿಸುವುದಕ್ಕೂ ಇದೇ ತತ್ವವನ್ನು ಬಳಸಬಹುದೆಂದು 1924ರಲ್ಲಿ ಅಮೆರಿಕಾ ದೇಶದ ಮೇರಿ ಕವರ್ ಜೋನ್ಸ್ ಎಂಬ ವಿದುಷಿಯು ಪ್ರಕಟಿಸಿದಳು. ಮೊಲಕ್ಕೆ ಅಂಜುತ್ತಿದ್ದ ಪುಟ್ಟ ಬಾಲಕನೊಬ್ಬನು ಇಷ್ಟವಾದ ತಿಂಡಿಯನ್ನು ತಿನ್ನುತ್ತಿರುವಾಗ ಮೊಲವನ್ನು ದೂರದಲ್ಲಿರಿಸಿ, ದಿನಕ್ಕಿಷ್ಟರಂತೆ ಸಮೀಪಕ್ಕೆ ತರಲಾಗಿ, ಕೊನೆಗೆ ಅವನೇ ಅದನ್ನು ಮುಟ್ಟಿ ಆಡಿಸುವಂತಾಯಿತು. ನಾಯಿಯ ಪಾಠವೂ ಇದೇ. ಇದರಲ್ಲಿ ಎರಡು ಎಳೆಗಳಿವೆ: ಅಂಜಿಕೆ ಹುಟ್ಟದಷ್ಟು ದೂರದಿಂದ ಆರಂಭಿಸಿ ಸ್ವಲ್ಪ ಸ್ವಲ್ಪವಾಗಿ ಹತ್ತಿರಕ್ಕೆ ತರುವುದು ಒಂದು, ಹೊಸಬನು ಕಂಡಾಗಲೆಲ್ಲ ನಾಯಿಗೆ ಪ್ರಿಯವಾದ ತಿನಿಸು ದೊರೆಯುವಂತೆ ಮಾಡುವುದು ಇನ್ನೊಂದು. ಹೋರಿಯನ್ನು ಪಳಗಿಸುವಾಗ ಮೊದಲು ಬರಿಯ ನೊಗ, ಅನಂತರ ಹಗುರವಾದ ಕೊರಡು, ಕಡೆಗೆ ನೇಗಿಲು ಎಂಬ ಕ್ರಮವನ್ನು ಅನುಸರಿಸುವ ರೈತನಿಗೆ ಇದು ಹೊಸ ವಿದ್ಯೆಯಲ್ಲ.

ಮೊದಲ ಸಿದ್ಧತೆ

ನಾಯಿಗೆ ತನ್ನದೇ ಆದ ಒಂದು ಮೂಲೆಯಿರಬೇಕು. ಜಗಲಿಯ ಬದಿಯಲ್ಲಿಯೋ ಕೊಟ್ಟಿಗೆಯ ಒಂದು ಕಡೆಯಲ್ಲಿಯೋ ಗೋಣಿಚೀಲ ಹಾಸಿ, ದಾರಿಹೋಕರು ಕಾಣದಂತೆ ಮರೆಮಾಡಿಕೊಡಬೇಕು. ಅಲ್ಲಿ ಮಲಗಿರುವಾಗ ಮಕ್ಕಳಾಗಲಿ ನೆಂಟರಾಗಲಿ ಅದನ್ನು ಮುಟ್ಟಕೂಡದು. ಪಾಠ ಮುಗಿಯುವವರೆಗೆ, ಅನಿರೀಕ್ಷಿತವಾಗಿ ಜನರು ಬಂದಾಗ ನಾಯಿಯನ್ನು ಈ ಮೂಲೆಗೆ ಸೇರಿಸಿ ಬಾಗಿಲು ಹಾಕುವುದು ಉತ್ತಮ. ಒಂದು ಕಡೆ ಪಾಠ, ಮತ್ತೊಂದು ಕಡೆ ದಿನವೂ ಬೆದರಿಕೆ ಎಂದಾದರೆ ಕಟ್ಟೆಯೊಡೆದ ಕೆರೆಗೆ ನೀರು ತುಂಬಿದಂತಾಗುವುದು.

ತಿನಿಸು ದಿನದ ಊಟಕ್ಕಿಂತ ರುಚಿಯಾಗಿರಬೇಕು. ಬೇಯಿಸಿದ ಕೋಳಿಮಾಂಸದ ಚೂರು, ಬೇಯಿಸಿದ ಮೊಟ್ಟೆ, ಒಣಮೀನಿನ ಸಣ್ಣ ತುಂಡು, ಮಾಂಸ ಬಳಸದ ಮನೆಗಳಲ್ಲಿ ತುಪ್ಪ ಸವರಿದ ರೊಟ್ಟಿಯ ಚೂರು, ಇವು ಸಾಕು. ಒಂದೊಂದು ಚೂರು ಕಡಲೆಕಾಳಿನಷ್ಟಿದ್ದರೆ ಸಾಲುವುದು. ಈರುಳ್ಳಿ, ದ್ರಾಕ್ಷಿ, ಚಾಕೊಲೇಟು ನಾಯಿಗೆ ವಿಷಕರವಾದುದರಿಂದ ಅವನ್ನು ಕೊಡಕೂಡದು. ಈ ತಿನಿಸನ್ನು ಪಾಠದ ಹೊತ್ತಿಗೆ ಮಾತ್ರ ಮೀಸಲಿಡಬೇಕು. ಪಾಠದ ಕಾಲದಲ್ಲಿ ನಾಯಿಯನ್ನು ಗಟ್ಟಿಯಾದ ಕೊರಳಪಟ್ಟಿಗೆ ಕಟ್ಟಿದ ಎರಡು ಗಜದ ಹಗ್ಗದಲ್ಲಿ, ಸಡಿಲವಾಗಿ ಹಿಡಿದಿರಬೇಕು. ಹಗ್ಗ ಬಿಗಿದರೆ ನಾಯಿಯ ಮನಸ್ಸೂ ಬಿಗಿಯುವುದು.

ಪಾಠದ ಹಂತಗಳು

ಮೊದಲನೆಯ ಹಂತ: ತಾಳುವ ದೂರವನ್ನು ಕಂಡುಕೊಳ್ಳುವುದು. ಪರಿಚಯದ ಒಬ್ಬನನ್ನು ಮೊದಲೇ ಹೇಳಿ ಒಪ್ಪಿಸಿ, ಬಯಲಿನಲ್ಲಿ ದೂರ ನಿಲ್ಲಿಸಬೇಕು. ನಾಯಿಯು ಅವನನ್ನು ಕಂಡು ಕಿವಿ ನಿಮಿರಿಸಿದರೂ ಬೊಗಳದೆ, ಕೊಟ್ಟ ತಿನಿಸನ್ನು ತಿನ್ನುವ ದೂರವೇ ತಾಳುವ ದೂರ. ಕೆಲವು ನಾಯಿಗಳಿಗೆ ಇದು ಹತ್ತು ಗಜ. ಕೆಲವಕ್ಕೆ ಐವತ್ತು ಗಜ. ತಿನಿಸೇ ಇಲ್ಲಿ ಅಳತೆಗೋಲು. ಬಾಯಿಗೆ ಹಿಡಿದ ಮಾಂಸವನ್ನೂ ನಾಯಿ ಮೂಸದಿದ್ದರೆ ದೂರ ಸಾಲದೆಂದು ತಿಳಿದು ಹಿಂದೆ ಸರಿಯಬೇಕು.

ಎರಡನೆಯ ಹಂತ: ಕಂಡರೆ ತಿನಿಸು. ಆ ದೂರದಲ್ಲಿ ಹೊಸಬನು ಮರದ ಮರೆಯಿಂದ ಹೊರಗೆ ಬರಲಿ. ನಾಯಿಯು ಅವನನ್ನು ನೋಡಿದ ಕೂಡಲೇ ಒಡೆಯನು ಒಂದರ ಮೇಲೊಂದರಂತೆ ತಿನಿಸಿನ ಚೂರುಗಳನ್ನು ಕೊಡಬೇಕು. ಹೊಸಬನು ಮರೆಯಾದೊಡನೆ ತಿನಿಸೂ ನಿಲ್ಲಬೇಕು. ಇಲ್ಲಿ ಅನುಕ್ರಮವೇ ಮುಖ್ಯ: ಮೊದಲು ಹೊಸಬ, ಅನಂತರ ತಿನಿಸು. ಇದನ್ನು ತಿರುಗುಮುರುಗು ಮಾಡಿ ಮೊದಲು ತಿನಿಸನ್ನು ತೋರಿಸಿದರೆ, ತಿನಿಸು ಕಂಡೊಡನೆ "ಯಾರೋ ಬರುವರು" ಎಂದು ಅಂಜಲು ನಾಯಿಯು ಕಲಿಯುವುದು. ಒಂದು ಪಾಠಕ್ಕೆ ಐದು ನಿಮಿಷ ಸಾಕು. ದಿನಕ್ಕೆ ಒಂದು ಅಥವಾ ಎರಡು ಪಾಠ. ಹೊಸಬನನ್ನು ಕಂಡೊಡನೆ ನಾಯಿಯು ಒಡೆಯನ ಮುಖವನ್ನು ತಿರುಗಿ ನೋಡಿ "ಎಲ್ಲಿ ನನ್ನ ತಿನಿಸು?" ಎನ್ನುವಂತೆ ನಿಂತರೆ ಈ ಹಂತ ಫಲಿಸಿತೆಂದು ತಿಳಿಯಬೇಕು.

ಮೂರನೆಯ ಹಂತ: ದೂರವನ್ನು ತಗ್ಗಿಸುವುದು. ಮೇಲಿನ ಗುರುತು ಕಂಡ ಅನಂತರವೇ ಒಂದೆರಡು ಗಜ ಮುಂದುವರಿಯಬೇಕು. ಹತ್ತಿರ ಬರುವವನು ನೇರವಾಗಿ ಬರಕೂಡದು. ಬಿಲ್ಲಿನಂತೆ ಬಾಗಿದ ದಾರಿಯಲ್ಲಿ, ಮಗ್ಗುಲನ್ನು ತೋರಿಸುತ್ತ ಬರಬೇಕು. ಹೊಸಬನು ನಿಂತಿದ್ದಾಗ ಸಮಾಧಾನವಾಗಿರುವ ನಾಯಿ ಅವನು ನಡೆದಾಗ ಬೆದರಬಹುದು; ನಡೆದಾಗ ಸಹಿಸಿದ್ದು ಕೊಡೆ ಬಿಚ್ಚಿದಾಗ ಬೆದರಬಹುದು. ಆದುದರಿಂದ ಹೊಸದೊಂದನ್ನು ಸೇರಿಸಿದಾಗಲೆಲ್ಲ ದೂರವನ್ನು ಮತ್ತೆ ಹೆಚ್ಚಿಸಿಕೊಳ್ಳಬೇಕು. ನಾಯಿಯು ಬೊಗಳಿದರೆ ಅದು ತಪ್ಪು ಮಾಡಿತೆಂದಲ್ಲ, ಪಾಠ ಹೇಳುವವನು ಅವಸರಪಟ್ಟನೆಂದು ಅರ್ಥ. ಸದ್ದಿಲ್ಲದೆ ಹಿಂದೆ ಸರಿದು, ಸುಲಭವಾದ ದೂರದಲ್ಲಿ ಒಂದೆರಡು ಚೂರು ತಿನ್ನಿಸಿ, ಅಂದಿನ ಪಾಠವನ್ನು ಮುಗಿಸಬೇಕು.

ನಾಲ್ಕನೆಯ ಹಂತ: ಹೊಸಬನ ಕೈಯಿಂದ ತಿನಿಸು ಹೊರಡುವುದು. ಮೂರು ನಾಲ್ಕು ಗಜ ದೂರದಲ್ಲಿ ಸಮಾಧಾನವಾಗಿರುವ ನಾಯಿಗೆ ಹೊಸಬನು ತಾನೇ ತಿನಿಸನ್ನು ಎಸೆಯಬಹುದು. ಅದನ್ನು ನಾಯಿಯ ಮುಂದಕ್ಕಲ್ಲ, ಬೆನ್ನ ಹಿಂದಕ್ಕೆ ಬೀಳುವಂತೆ ಎಸೆಯಬೇಕು. ತಿನ್ನಲು ನಾಯಿ ದೂರ ಹೋಗುವುದು; ದೂರ ಹೋದುದರಿಂದ ಮನಸ್ಸು ಹಗುರವಾಗುವುದು; ಬಳಿಕ ತಾನಾಗಿಯೇ ಮರಳಿ ಬರುವುದು. ಬರುವುದೂ ಹೋಗುವುದೂ ತನ್ನ ಸ್ವಾಧೀನದಲ್ಲಿದೆಯೆಂಬ ತಿಳಿವಳಿಕೆಯೇ ಧೈರ್ಯದ ಬೇರು. ಇದಕ್ಕೆ ವಿರುದ್ಧವಾಗಿ, ಹೊಸಬನು ಅಂಗೈಯಲ್ಲಿ ಮಾಂಸವನ್ನಿಟ್ಟು ಕರೆದರೆ ಹಸಿವು ಮುಂದಕ್ಕೆಳೆಯುವುದು, ಭಯ ಹಿಂದಕ್ಕೆಳೆಯುವುದು. ಮಾಂಸ ಮುಗಿದೊಡನೆ ತಾನು ಅತಿ ಸಮೀಪದಲ್ಲಿರುವುದನ್ನು ಕಂಡು ಆ ಕೈಯನ್ನೇ ಕಚ್ಚುವುದುಂಟು. ಅನೇಕ ಅನಾಹುತಗಳು ನಡೆಯುವುದು ಹೀಗೆಯೇ.

ಐದನೆಯ ಹಂತ: ಜನರನ್ನು ಬದಲಾಯಿಸುವುದು. ಒಬ್ಬನಿಗೆ ಹೊಂದಿಕೊಂಡ ನಾಯಿ ಎಲ್ಲರಿಗೂ ಹೊಂದಿಕೊಂಡಿತೆಂದು ತಿಳಿಯಕೂಡದು. ಗಂಡಸರು, ಹೆಂಗಸರು, ಮುದುಕರು, ಪೇಟ ಸುತ್ತಿದವರು, ಕನ್ನಡಕ ಹಾಕಿದವರು, ಹೊರೆ ಹೊತ್ತವರು, ಮೋಟಾರು ಸೈಕಲ್ಲಿನ ಮೇಲೆ ಬರುವವರು, ಇವರಲ್ಲಿ ಒಬ್ಬೊಬ್ಬರೂ ನಾಯಿಯ ಪಾಲಿಗೆ ಹೊಸ ಜಾತಿಯ ಪ್ರಾಣಿಯೇ. ಪ್ರತಿಯೊಂದು ಬಗೆಯವರೊಡನೆಯೂ ದೂರದಿಂದಲೇ ಆರಂಭಿಸಬೇಕು. ಆದರೆ ಎರಡನೆಯವರಿಗೆ ಮೊದಲನೆಯವರಷ್ಟು ಕಾಲ ಹಿಡಿಯುವುದಿಲ್ಲ. ಮಕ್ಕಳನ್ನು ಪಾಠಕ್ಕೆ ಬಳಸಿಕೊಳ್ಳಕೂಡದು. ಅವರು ಆಡುತ್ತಿರುವುದನ್ನು ನಾಯಿಯು ದೂರದಿಂದ ನೋಡುತ್ತ ತಿನಿಸು ತಿಂದರೆ ಸಾಕು.

ಬಂದವರು ನಡೆದುಕೊಳ್ಳಬೇಕಾದ ರೀತಿ

ಮನೆಗೆ ಬಂದವರು ನಾಯಿಯ ಕಣ್ಣನ್ನು ದಿಟ್ಟಿಸಿ ನೋಡಬಾರದು, ಅದರ ಮೇಲೆ ಬಾಗಬಾರದು, ತಲೆಯ ಮೇಲೆ ಕೈಯಿಡಬಾರದು, ಓಡಲೂಬಾರದು. ಪಕ್ಕಕ್ಕೆ ತಿರುಗಿ ಕುಳಿತು, ನಾಯಿಯೇ ಇಲ್ಲವೆಂಬಂತೆ ಮನೆಯವರೊಡನೆ ಮೆಲುದನಿಯಲ್ಲಿ ಮಾತನಾಡುತ್ತಿರಬೇಕು. ನಾಯಿಯು ಬಂದು ಮೂಸಿದರೆ ಅಲುಗಾಡದಿರಬೇಕು. ಅದು ಮೂಸಿದ್ದು ಬಂದವನ ಸಮಾಚಾರ ತಿಳಿಯುವುದಕ್ಕೇ ಹೊರತು ಮುದ್ದಿಸಿಕೊಳ್ಳುವುದಕ್ಕಲ್ಲ. ತಾನಾಗಿ ಮೈಯೊತ್ತಿ ನಿಂತರೆ ಎದೆಯ ಬದಿಯನ್ನು ಮೂರೆಣಿಸುವಷ್ಟು ಹೊತ್ತು ಸವರಿ ಕೈ ತೆಗೆಯಬೇಕು. ಇನ್ನೂ ಬೇಕೆನಿಸಿದರೆ ಅದು ಬಳಿಯಲ್ಲಿಯೇ ನಿಲ್ಲುವುದು; ಬೇಡವಾದರೆ ಸರಿಯುವುದು. "ನಮ್ಮ ನಾಯಿ ಏನೂ ಮಾಡುವುದಿಲ್ಲ, ಮುಟ್ಟಿರಿ" ಎಂದು ಉಪಚಾರಕ್ಕೆ ಹೇಳುವ ಒಡೆಯನು ಬಂದವನಿಗೂ ನಾಯಿಗೂ ಅಪಕಾರ ಮಾಡಿದಂತೆ.

ಒಂದು ನಿದರ್ಶನ

ತೋಟದ ಮನೆಯೊಂದರಲ್ಲಿ ಮೂರು ವರ್ಷದ ನಾಟಿ ಹೆಣ್ಣುನಾಯಿಯೊಂದಿದ್ದು, ಲಸಿಕೆಯವರು ಬಂದಾಗಲೆಲ್ಲ ಅದು ಸರಪಳಿಯನ್ನು ಹರಿಯುವಂತೆ ಎಗರುವುದೆಂದು ಭಾವಿಸಬಹುದು. ಮುಂದಿನ ಲಸಿಕೆಗೆ ಇನ್ನೂ ಮೂರು ತಿಂಗಳಿದೆ. ಒಡೆಯನು ಮೊದಲ ವಾರದಲ್ಲಿ ನಾಯಿಯನ್ನು ವೈದ್ಯರಿಗೆ ತೋರಿಸಿ, ಮೂಲೆಯೊಂದನ್ನು ಒದಗಿಸಿ, ಹಗಲಿನ ಸರಪಳಿಯನ್ನು ತಪ್ಪಿಸಿ ಬೇಲಿಯೊಳಗೆ ಬಿಡುವನು. ಎರಡನೆಯ ವಾರದಿಂದ ಪಕ್ಕದ ಹೊಲದವನೊಬ್ಬನು ಸಂಜೆ ಹಸುಗಳನ್ನು ಹೊಡೆದುಕೊಂಡು ಬರುವಾಗ ನಲವತ್ತು ಗಜದಾಚೆ ಎರಡು ನಿಮಿಷ ನಿಂತು ಹೋಗುವನು. ಆಗ ಮಾತ್ರ ನಾಯಿಗೆ ಕೋಳಿಯ ಚೂರು. ತಿಂಗಳು ಕಳೆಯುವುದರಲ್ಲಿ ನಲವತ್ತು ಗಜವು ಹದಿನೈದಾಗುವುದು. ನಡುವೆ ಒಂದು ದಿನ ಕೊಡೆ ಹಿಡಿದು ಬಂದಾಗ ನಾಯಿ ಬೊಗಳುವುದು. ಮತ್ತೆ ಮೂವತ್ತು ಗಜಕ್ಕೆ ಹಿಂದೆಗೆಯಬೇಕಾಗುವುದು. ಇದಕ್ಕೆ ಎದೆಗುಂದಬೇಕಾಗಿಲ್ಲ. ಎರಡನೆಯ ತಿಂಗಳಲ್ಲಿ ಹಾಲಿನ ಸಂಘದ ಹುಡುಗ, ಮೇವು ತರುವವಳು, ಹೀಗೆ ಬೇರೆ ಬೇರೆಯವರು ಬರುವರು. ಲಸಿಕೆಯ ದಿನ ನಾಯಿಯು ತನ್ನ ಮೂಲೆಯಲ್ಲಿ, ಹಾಕಿದ ಬಾಗಿಲ ಹಿಂದೆ, ಎಲುಬು ಕಡಿಯುತ್ತ ಮಲಗಿದ್ದು, ಬಂದವರು ಹಸುಗಳಿಗೆ ಲಸಿಕೆ ಹಾಕಿ ಹೋದರೆ ಅದು ಪೂರ್ಣ ಜಯವೇ ಸರಿ. ಬಂದವರ ಕೈಯನ್ನು ಅದು ನೆಕ್ಕಬೇಕೆಂಬ ನಿಯಮವಿಲ್ಲ.

ಅತಿಯಾಗಿ ಅಂಜುವ, ಅಥವಾ ಒಮ್ಮೆ ಕಚ್ಚಿರುವ ನಾಯಿಗೆ, ಕಣದಲ್ಲಿ ಎತ್ತುಗಳಿಗೆ ಹಾಕುವಂತಹ ಬಾಯಿಕುಕ್ಕೆಯನ್ನು ರೂಢಿಸುವುದು ಒಳ್ಳೆಯದು. ಬಾಯಿ ತೆರೆದು ತೇಕಲು, ನೀರು ಕುಡಿಯಲು ಎಡೆಯಿರುವ ಬುಟ್ಟಿಯಾಕಾರದ ಕುಕ್ಕೆಯೇ ಆಗಬೇಕು. ಅದನ್ನೂ ಬಲವಂತದಿಂದ ತೊಡಿಸದೆ, ಒಳಗೆ ತಿನಿಸಿಟ್ಟು ತಾನಾಗಿ ಮೂತಿ ತೂರಿಸುವಂತೆ ಹಲವು ದಿನ ಅಭ್ಯಾಸ ಮಾಡಿಸಬೇಕು.

ಮರಿಗಳ ವಿಷಯ

ರೋಗ ಬಂದ ಮೇಲೆ ಮದ್ದು ಹುಡುಕುವುದಕ್ಕಿಂತ ಬಾರದಂತೆ ತಡೆಯುವುದು ಸುಲಭ. ಮರಿಯನ್ನು ಎಂಟು ವಾರ ತುಂಬುವುದಕ್ಕೆ ಮೊದಲು ತಾಯಿಯಿಂದ ಅಗಲಿಸಕೂಡದು. 2017ರ ನಾಯಿ ತಳಿಸಂವರ್ಧನೆಯ ನಿಯಮಗಳು ಎಂಟು ವಾರದೊಳಗಿನ ಮರಿಯ ಮಾರಾಟವನ್ನು ನಿಷೇಧಿಸುತ್ತವೆ. ಮನೆಗೆ ತಂದ ಮರಿಗೆ ದಿನಕ್ಕೊಬ್ಬ ಹೊಸಬರನ್ನಾದರೂ ತೋರಿಸಬೇಕು. ಲಸಿಕೆಗಳು ಮುಗಿಯುವವರೆಗೆ ನೆಲಕ್ಕೆ ಬಿಡದೆ, ತೋಳಿನ ಮೇಲೆ ಎತ್ತಿಕೊಂಡು ಊರ ಕಟ್ಟೆ, ಹಾಲಿನ ಸಂಘ, ಬಸ್ಸು ನಿಲ್ಲುವ ಸ್ಥಳಗಳನ್ನು ದೂರದಿಂದ ತೋರಿಸಬಹುದು. ಎಣಿಕೆಗಿಂತ ಸುಖ ಮುಖ್ಯ. ಹತ್ತು ಮಂದಿಯ ಕೈಯಿಂದ ಕೈಗೆ ದಾಟಿಸಿ ಅಳಿಸುವುದಕ್ಕಿಂತ ಒಬ್ಬರೊಡನೆ ಸಂತೋಷವಾಗಿರುವುದು ಮೇಲು. ಮೂರು ತಿಂಗಳು ತುಂಬಿದಾಗ ಹುಚ್ಚುನಾಯಿ ರೋಗದ ಲಸಿಕೆಯನ್ನು ಹಾಕಿಸಿ, ಮುಂದೆ ಪಶುವೈದ್ಯರು ಹೇಳಿದ ಅವಧಿಗೆ ತಪ್ಪದೆ ಮರುಲಸಿಕೆ ಹಾಕಿಸಬೇಕು.

ಎಚ್ಚರಿಕೆಗಳು

ಇದುವರೆಗೆ ಜನರೊಡನೆ ಸರಿಯಾಗಿದ್ದ ನಾಯಿಯು ಇದ್ದಕ್ಕಿದ್ದಂತೆ ಮೂಲೆ ಸೇರಿದರೆ, ಕಾರಣವಿಲ್ಲದೆ ಕಚ್ಚಹೋದರೆ, ಜೊಲ್ಲು ಸುರಿಸಿದರೆ, ದನಿ ಬದಲಾದರೆ, ನುಂಗಲಾರದಿದ್ದರೆ, ಅದನ್ನು ಅಂಜಿಕೆಯೆಂದು ತಿಳಿದು ಪಾಠ ಆರಂಭಿಸಕೂಡದು. ಹುಚ್ಚುನಾಯಿ ರೋಗವೂ ಹೀಗೆಯೇ ತೋರುವುದು. ಅಂತಹ ನಾಯಿಯನ್ನು ಮುಟ್ಟದೆ ಕೂಡಲೇ ಪಶುವೈದ್ಯರಿಗೆ ತಿಳಿಸಬೇಕು.

ಯಾವ ನಾಯಿ ಕಚ್ಚಿದರೂ, ಅದು ಮನೆಯದೇ ಆಗಿದ್ದರೂ, ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ಬಿಡದೆ ತೊಳೆದು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಸುಣ್ಣ, ಮೆಣಸಿನಪುಡಿ, ಸೀಮೆಎಣ್ಣೆ ಹಚ್ಚುವುದು, ಮಂತ್ರ ಹಾಕಿಸುವುದು, ಇವುಗಳಿಂದ ಅಮೂಲ್ಯವಾದ ಕಾಲ ಕಳೆದುಹೋಗುವುದು. ಈ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಅತ್ಯಪರೂಪ. ಕಾಲಕ್ಕೆ ಸರಿಯಾಗಿ ಚುಚ್ಚುಮದ್ದು ಪಡೆದರೆ ತಪ್ಪಿಸಿಕೊಳ್ಳುವುದು ನಿಶ್ಚಿತವೆನ್ನುವಷ್ಟು ಸುಲಭ.

ಎರಡು ಮೂರು ತಿಂಗಳು ಕ್ರಮವಾಗಿ ಪಾಠ ಮಾಡಿದರೂ ತಿನಿಸನ್ನೇ ಮುಟ್ಟದೆ ನಡುಗುವ ನಾಯಿಗೆ ಮನಸ್ಸಿನ ಉದ್ವೇಗವನ್ನು ತಗ್ಗಿಸುವ ಔಷಧಗಳುಂಟು. ಅವನ್ನು ಪಶುವೈದ್ಯರು ಬರೆದುಕೊಟ್ಟಂತೆ ಮಾತ್ರ, ಪಾಠದ ಜೊತೆಯಲ್ಲಿ ಕೊಡಬೇಕು. ಮನುಷ್ಯರ ನಿದ್ದೆಗುಳಿಗೆಗಳನ್ನು ಎಂದಿಗೂ ಕೊಡಕೂಡದು.

ಮುಕ್ತಾಯ

ಈ ಕೆಲಸಕ್ಕೆ ಕೆಲವು ವಾರಗಳಿಂದ ಹಲವು ತಿಂಗಳುಗಳವರೆಗೆ ಕಾಲ ಹಿಡಿಯಬಹುದು. ಮರಿತನದ ಹದ ಪೂರ್ಣವಾಗಿ ತಪ್ಪಿದ ನಾಯಿಯು ಎಂದಿಗೂ ಎಲ್ಲರ ಸ್ನೇಹಿತನಾಗದಿರಬಹುದು. ಆದರೆ ಬಂದವರನ್ನು ಕಂಡು ನಡುಗುತ್ತಿದ್ದ ಪ್ರಾಣಿಯು ಒಮ್ಮೆ ನೋಡಿ, ಒಡೆಯನ ಮುಖ ನೋಡಿ, ಮತ್ತೆ ತನ್ನ ಗೋಣಿಯ ಮೇಲೆ ಮಲಗುವಂತಾದರೆ ಮನೆಯವರಿಗೂ ನೆರೆಯವರಿಗೂ ದೊಡ್ಡ ಉಪಕಾರವಾದಂತೆ. ಬರಡು ನೆಲವು ಒಂದೇ ಮಳೆಗೆ ಹಸನಾಗುವುದಿಲ್ಲವೆಂಬುದನ್ನು ರೈತನಿಗೆ ಬೇರೆ ಹೇಳಿಕೊಡಬೇಕಾಗಿಲ್ಲ. ಗೊಬ್ಬರ ಹಾಕಿ, ಉತ್ತು, ಕಾದು ನೆಲವನ್ನು ಹಸನುಮಾಡುವ ಆ ತಾಳ್ಮೆಯಲ್ಲಿ ದಿನಕ್ಕೆ ಐದು ನಿಮಿಷವನ್ನು ಮನೆಬಾಗಿಲಲ್ಲಿ ಕಾಯುವ ನಾಯಿಗೂ ಮೀಸಲಿಟ್ಟಲ್ಲಿ ಫಲ ದೊರೆಯುವುದರಲ್ಲಿ ಸಂದೇಹವಿಲ್ಲ.